ಮೂವತ್ತು ಅಡಿಯಿಂದ ಬಿದ್ದರೆ ಎಷ್ಟು ಪೆಟ್ಟು?

ಯಾವ ಪತ್ರಿಕೆ ಕೈಗೆ ಸಿಕ್ಕರೂ ಮೊದಲು ಓದುಗರ ಪತ್ರಗಳ ಪುಟ ಹುಡುಕುವುದು ನನ್ನ ಚಟ. ಮನೆಗೆ ಪ್ರಜಾವಾಣಿ ಬರುತ್ತಿದ್ದ ಕಾಲದಲ್ಲಿ ಅಂಟಿದ್ದು. ಅಪ್ಪ ಮುಖಪುಟ ಹಿಡಿದು ಕೂತರೆ ನಾನು ಒಳಗಿನ ಹಾಳೆ ಎಳೆದುಕೊಂಡು ವಾಚಕರ ವಾಣಿಗೆ ಹೋಗುತ್ತಿದ್ದೆ. ಸುದ್ದಿ ಎಲ್ಲರಿಗೂ ಒಂದೇ. ಅದನ್ನು ಓದಿ ಯಾರಿಗೆ ಮೈ ಉರಿಯಿತು ಅನ್ನುವುದು ಮಾತ್ರ ಅಲ್ಲೇ ಗೊತ್ತಾಗುತ್ತಿತ್ತು.

2003ರಲ್ಲಿ ಭಾವ ಅಮೆರಿಕದಿಂದ ಬರುವಾಗ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ‘ಡ್ರ್ಯಾಗನ್’ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದ ಸಿ.ಡಿ. ಡಬ್ಬಿ ತಂದುಕೊಟ್ಟಾಗಲೂ ನಾನು ನೇರ ಹೋದದ್ದು ಆ ಪುಟಕ್ಕೇ. 1999ರಲ್ಲಿ ಹೊರಬಂದ ಸಂಗ್ರಹ ಅದು, ಐದು ಸಿ.ಡಿ.ಗಳಲ್ಲಿ ಮೊದಲ 250 ಸಂಚಿಕೆ. “ಏನೋ ಭೂತ ಪಿಶಾಚಿ ಪುಸ್ತಕ ಕಣೋ, ನಿನ್ನ ಅಕ್ಕ ಹೇಳಿದಳು ಅಂತ ತಂದೆ” ಅಂದರು. ಮುಖಪುಟಗಳ ತುಂಬ ಕತ್ತಿ, ರೆಕ್ಕೆ, ಬೆಂಕಿ. ಇಪ್ಪತ್ತು ವರ್ಷ ದಾಟಿದ ಮೇಲೆ ಅವೆಲ್ಲ ಒಂದರ ಮೇಲೊಂದು ಕಲಸಿಹೋಗಿವೆ, ಆ ಸಣ್ಣ ಅಕ್ಷರದ ಪತ್ರಗಳು ಮಾತ್ರ ಹಾಗೇ ಇವೆ.

ಗೊತ್ತಿಲ್ಲದವರಿಗೆ ಎರಡು ಮಾತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಬಂದ ಆಟ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಕಟ್ಟಿದ್ದು; ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಟದ್ದು. ಒಬ್ಬ ಡಂಜನ್ ಮಾಸ್ಟರ್ ಆಗಿ ಕೂತು ಎದುರಿಗೆ ಏನಿದೆ ಹೇಳುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಹೇಳುತ್ತಾರೆ, ಅನುಮಾನ ಬಂದಲ್ಲಿ ದಾಳ ಹಾಕುತ್ತಾರೆ. ಊರ ಕಡೆ ಯಾರಾದರೂ ಕೇಳಿದರೆ ತಾಳಮದ್ದಳೆಯ ಥರ ಅಂತ ಹೇಳಿಬಿಡುತ್ತೇನೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡಬೇಕು. ವ್ಯತ್ಯಾಸ ಇಷ್ಟೇ: ಕರ್ಣ ಸಾಯುತ್ತಾನೆ ಅನ್ನುವುದು ತಾಳಮದ್ದಳೆಗೆ ಬಂದವರಿಗೆಲ್ಲ ಮೊದಲೇ ಗೊತ್ತು. ಇಲ್ಲಿ ಅದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಈ ಆಟದ ಸುದ್ದಿಪತ್ರವಾಗಿ 1975ರಲ್ಲಿ ಮೊದಲು ‘ಸ್ಟ್ರಾಟೆಜಿಕ್ ರಿವ್ಯೂ’ ಬಂತು. ಏಳು ಸಂಚಿಕೆಯಾದ ಮೇಲೆ ಅದರ ಜಾಗದಲ್ಲಿ 1976ರ ಜೂನ್‌ನಲ್ಲಿ ‘ಡ್ರ್ಯಾಗನ್’ ಶುರುವಾಯಿತು. ಸಂಪಾದಕ ಟಿಮ್ ಕ್ಯಾಸ್ಕ್. ಸಂಚಿಕೆ ಬರಬೇಕು, ತಿಂಗಳೊಳಗೆ ಪತ್ರಗಳ ಕಟ್ಟು ಬೀಳಬೇಕು.

ಆ ಪತ್ರಗಳನ್ನು ಓದುತ್ತ ಓದುತ್ತ ನನಗೆ ಒಂದು ವಿಷಯ ಹೊಳೆಯಿತು. ಸಾಹಿತ್ಯ ಪತ್ರಿಕೆಗೆ ಬರುವ ಪತ್ರ ‘ಕತೆ ಮನಮುಟ್ಟಿತು’ ಅಂತಲೋ ‘ನೀರಸ’ ಅಂತಲೋ ಬರುತ್ತದೆ. ಇಲ್ಲಿ ಹಾಗಲ್ಲ. ‘ನಿಮ್ಮ ಹೊಸ ನಿಯಮ ಹಾಕಿ ಶನಿವಾರ ಆಡಿದೆವು, ಎರಡು ಗಂಟೆಯೊಳಗೆ ಆಟ ಕೆಟ್ಟಿತು, ಯಾಕೆಂದರೆ...’ ಎಂಬ ಧಾಟಿ. ಅಡುಗೆ ಪುಸ್ತಕ ಓದಿದವನ ಅಭಿಪ್ರಾಯಕ್ಕೂ ಅದನ್ನು ನೋಡಿ ಒಲೆ ಹಚ್ಚಿದವನ ತಕರಾರಿಗೂ ಇರುವ ದೂರ ಅದು. ಉಪ್ಪು ಜಾಸ್ತಿ ಅಂತ ಕೂಗಬೇಕಾದರೆ ಬಾಯಿಗೆ ಹಾಕಿಕೊಂಡಿರಲೇಬೇಕು. ಆದ್ದರಿಂದಲೇ ಈ ಪುಟಗಳಲ್ಲಿ ಬೈಗುಳವನ್ನು ನಾನು ಹೊಗಳಿಕೆಗಿಂತ ಹೆಚ್ಚು ನಂಬುತ್ತೇನೆ. ಹೊಗಳಿದವರಲ್ಲಿ ಅರ್ಧ ಜನ ಆಡಿಯೇ ಇರುವುದಿಲ್ಲ.

ಬೀಳುವ ಪೆಟ್ಟಿನ ಜಗಳ ಇದಕ್ಕೆ ಒಳ್ಳೆಯ ಉದಾಹರಣೆ. ನಿಯಮ ಸರಳವಾಗಿತ್ತು: ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳ. ಮೂವತ್ತು ಅಡಿಯಿಂದ ಬಿದ್ದರೆ ಮೂರು ದಾಳ ಹಾಕು, ಮೊತ್ತವನ್ನು ಜೀವದ ಲೆಕ್ಕದಿಂದ ಕಳೆ. 1983ರ ಜನವರಿ ಸಂಚಿಕೆಯಲ್ಲಿ, ದೊಂಬರಾಟದ ಕಳ್ಳ ಎಂಬ ಪಾತ್ರದ ಬಗ್ಗೆ ಬರೆಯುತ್ತ ಗೈಗ್ಯಾಕ್ಸ್ ಬೇರೆಯೇ ಲೆಕ್ಕ ಕೊಟ್ಟರು. ಮೊದಲ ಹತ್ತು ಅಡಿಗೆ ಒಂದು ದಾಳ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ಒಟ್ಟು ಆರು. ಇಪ್ಪತ್ತು ದಾಳಕ್ಕೆ ಗರಿಷ್ಠ ಮಿತಿ. ಮುಂದಿನ ತಿಂಗಳೇ ಸಮಜಾಯಿಷಿ ಬಂತು: ಮೂಲದಲ್ಲಿದ್ದದ್ದೇ ಹೀಗೆ, ಅಚ್ಚಿಗೆ ಹೋಗುವಾಗ ತಪ್ಪಿತು ಅಂತ. ವರ್ಷಗಟ್ಟಲೆ ಹಳೆಯ ಲೆಕ್ಕದಲ್ಲಿ ಆಡಿದವರು ಸುಮ್ಮನಿರುತ್ತಾರೆಯೇ? 1984ರ ಆಗಸ್ಟ್‌ನ 88ನೇ ಸಂಚಿಕೆಯಲ್ಲಿ ಇದೇ ವಿಷಯಕ್ಕೆ ಎರಡು ಲೇಖನ ಬಂದವು. ಒಂದು ಭೌತಶಾಸ್ತ್ರ ಹಿಡಿದು ಹೊರಟಿತು. ಇನ್ನೊಂದರಲ್ಲಿ ಸ್ಟೀವನ್ ವಿಂಟರ್, ನೋಡಬೇಕಾದದ್ದು ಚಲನಶಕ್ತಿಯನ್ನು ಅಂದರು. ಡ್ರ್ಯಾಗನ್‌ಗಳು ಹಾರುವ ಲೋಕದಲ್ಲಿ ನ್ಯೂಟನ್‌ನನ್ನು ಸಾಕ್ಷಿಗೆ ಕರೆಸಿದ್ದರು.

ಇದನ್ನು ಓದಿ ನಕ್ಕು ಮರೆತಿದ್ದೆ. ಕಳೆದ ವರ್ಷ ಅದೇ ಜಗಳ ನಮ್ಮ ಮನೆಯ ಮಹಡಿಗೇ ಬಂತು. ಎರಡು ವಾರಕ್ಕೊಮ್ಮೆ ಭಾನುವಾರ ಐದು ಜನ ಸೇರುತ್ತೇವೆ. ಅವರಲ್ಲಿ ಒಬ್ಬರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು, ನಮಗೆಲ್ಲ ಮೇಷ್ಟ್ರು. ಅವರ ಕಳ್ಳ ಕೋಟೆಗೋಡೆ ಹತ್ತುತ್ತ ಜಾರಿದ. ಎತ್ತರ ಮೂವತ್ತು ಅಡಿ. ಅವನಲ್ಲಿ ಉಳಿದಿದ್ದ ಜೀವ ಹದಿನಾಲ್ಕು. ಮೂರು ದಾಳವಾದರೆ ಸರಾಸರಿ ಹತ್ತೂವರೆ, ಬದುಕುತ್ತಾನೆ. ಆರು ದಾಳವಾದರೆ ಇಪ್ಪತ್ತೊಂದು, ಕತೆ ಮುಗಿಯಿತು. ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನವನು “ಬೀಳ್ತಾ ಬೀಳ್ತಾ ಸ್ಪೀಡ್ ಜಾಸ್ತಿ ಆಗಲ್ವಾ ಮೇಷ್ಟ್ರೇ? ಆರು ಹಾಕಿ, ಆರು” ಅಂತ ಕಿಚಾಯಿಸಿದ. ಮೇಷ್ಟ್ರು ಶೇಂಗಾ ಕಟ್ಟಿಕೊಂಡು ತಂದಿದ್ದ ಕಾಗದ ಬಿಡಿಸಿ ಅದರ ಮೇಲೇ ಲೆಕ್ಕ ಹಾಕಿದರು. ಮೂವತ್ತು ಅಡಿ ಅಂದರೆ ಒಂಬತ್ತು ಮೀಟರ್ ಚಿಲ್ಲರೆ, ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. “ಸ್ಪೀಡ್ ಜಾಸ್ತಿ ಆಗತ್ತಪ್ಪ, ಆದರೆ ಎತ್ತರದ ವರ್ಗಮೂಲಕ್ಕೆ ತಕ್ಕ ಹಾಗೆ. ಮೂಳೆ ಮುರಿಯೋದು ಎನರ್ಜಿ. ಅದು ಎತ್ತರದಷ್ಟೇ ಏರತ್ತೆ, ಹತ್ತು ಅಡಿಗೆ ಒಂದು, ಮೂವತ್ತಕ್ಕೆ ಮೂರು. ದಾಳ ಮೂರೇ.” ನಲವತ್ತು ವರ್ಷದ ಹಿಂದೆ ಸ್ಟೀವನ್ ವಿಂಟರ್ ಹಿಡಿದ ದಾರಿಯೇ ಅದು. ಮೇಷ್ಟ್ರು ಆ ಸಂಚಿಕೆ ಕಂಡವರೂ ಅಲ್ಲ.

ನಾನೇ ದಾಳ ಹಾಕಿದೆ. ಐದು, ಎರಡು, ಆರು. ಹದಿಮೂರು. ಕಳ್ಳ ಒಂದು ಜೀವ ಉಳಿಸಿಕೊಂಡು ಕಂದಕದಲ್ಲಿ ಬಿದ್ದುಕೊಂಡ.

(ಕೊನೆ ತೆಗೆಯಲು ಅಡಿಕೆ ಮರ ಹತ್ತಿದವರು ಬಿದ್ದದ್ದನ್ನು ಚಿಕ್ಕಂದಿನಲ್ಲಿ ಕಂಡವನು ನಾನು. ಆ ಲೆಕ್ಕ ದಾಳಕ್ಕೆ ದಕ್ಕುವಂಥದ್ದಲ್ಲ. ಆಟದಲ್ಲಿ ಅದನ್ನು ತರುವುದೂ ಇಲ್ಲ.)

ಇಂಥ ಜಗಳ ಹೆಚ್ಚಾಗಿ 1979ರ ನವೆಂಬರ್ ಸಂಚಿಕೆಯಿಂದ ‘ಸೇಜ್ ಅಡ್ವೈಸ್’ ಎಂಬ ಪ್ರಶ್ನೋತ್ತರ ಅಂಕಣವೇ ಶುರುವಾಯಿತು. ಮೊದಲು ಉತ್ತರ ಕೊಟ್ಟವರು ಜೀನ್ ವೆಲ್ಸ್. ಮುಂದೆ 1987ರಿಂದ 2004ರವರೆಗೆ ಸ್ಕಿಪ್ ವಿಲಿಯಮ್ಸ್ ಅದನ್ನು ನಡೆಸಿದರು. ಪ್ರಶ್ನೆಗಳು ಒಂದಕ್ಕಿಂತ ಒಂದು ವಿಚಿತ್ರ, ಉತ್ತರಗಳಲ್ಲಿ ಒಮ್ಮೊಮ್ಮೆ ತಾಳ್ಮೆ ತಪ್ಪಿದ್ದು ಕಾಣುತ್ತದೆ. ನನಗೆ ಹಿಡಿಸಿದ್ದು ಉತ್ತರಕ್ಕಿಂತ ಅದು ತಲುಪಲು ಹಿಡಿಯುತ್ತಿದ್ದ ಸಮಯ. ಇವತ್ತು ರಾತ್ರಿ ಆಟ ನಿಂತಿದೆ, ಕಾಗದ ಬರೆದು ಅಂಚೆಗೆ ಹಾಕಿದರೆ ಉತ್ತರ ಅಚ್ಚಾಗಿ ಬರಲು ತಿಂಗಳುಗಳು ಬೇಕು. ಅಷ್ಟರವರೆಗೆ ಗೋಡೆಯಿಂದ ಬಿದ್ದವನನ್ನು ಗಾಳಿಯಲ್ಲೇ ನಿಲ್ಲಿಸಲು ಆಗುತ್ತದೆಯೇ? ಮೇಜಿನ ಸುತ್ತ ಕೂತವರೇ ಏನೋ ಒಂದು ತೀರ್ಮಾನಿಸಿ ಮುಂದೆ ಹೋಗುತ್ತಿದ್ದರು. ಅಧಿಕೃತ ಉತ್ತರ ಬರುವ ಹೊತ್ತಿಗೆ ಅವರ ಮನೆಯ ನಿಯಮ ಹಳತಾಗಿ, ಒಗ್ಗಿಹೋಗಿ, ‘ನಮ್ಮಲ್ಲಿ ಹೀಗೇ’ ಆಗಿಬಿಟ್ಟಿರುತ್ತಿತ್ತು. ಈಗ ನಮ್ಮ ಬ್ಯಾಂಕಿನವನು ದಾಳ ಉರುಳಿ ನಿಲ್ಲುವಷ್ಟರಲ್ಲಿ ಮೊಬೈಲ್ ತೆಗೆದು ಪುಟ ತೋರಿಸುತ್ತಾನೆ. ಆಟ ಬೇಗ ಸಾಗುತ್ತದೆ ನಿಜ. ಮೇಷ್ಟ್ರು ಶೇಂಗಾ ಕಾಗದದ ಮೇಲೆ ಲೆಕ್ಕ ಹಾಕಿದ್ದು ಅವತ್ತು ಕರೆಂಟು ಹೋಗಿ ವೈಫೈ ಇರಲಿಲ್ಲ ಅಂತ.

ಓದುಗರ ಪ್ರತಿಕ್ರಿಯೆಯನ್ನೇ ಪತ್ರಿಕೆ ಮಾಡಿದವರೂ ಇದ್ದರು. ಲಾಸ್ ಏಂಜಲೀಸ್‌ನಲ್ಲಿ ಲೀ ಗೋಲ್ಡ್ 1975ರ ಜೂನ್‌ನಲ್ಲಿ ಶುರುಮಾಡಿದ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಅಂಥದ್ದು. ಬರೆಯುವವರು ತಮ್ಮ ತಮ್ಮ ಪುಟಗಳನ್ನು ಕಳಿಸುತ್ತಿದ್ದರು, ಆಕೆ ಅವನ್ನೆಲ್ಲ ಸೇರಿಸಿ ಹೊಲಿದು ಹಂಚುತ್ತಿದ್ದರು. ಮುಂದಿನ ತಿಂಗಳು ಪ್ರತಿಯೊಬ್ಬರೂ ಉಳಿದವರು ಬರೆದದ್ದಕ್ಕೆ ಹೆಸರು ಹಿಡಿದು ಉತ್ತರ ಬರೆಯುತ್ತಿದ್ದರು. ಸುಮಾರು ಐವತ್ತು ವರ್ಷ ನಡೆಯಿತು. ಆಟ ಹುಟ್ಟಿಸಿದ ಗೈಗ್ಯಾಕ್ಸ್ ಕೂಡ 1975ರಲ್ಲಿ ಅದರ ಎರಡನೇ ಸಂಚಿಕೆಗೇ ಪತ್ರ ಬರೆದಿದ್ದರು. ಎಲ್ಲರೂ ಒಂದೇ ಥರ ಆಡಬೇಕು ಅಂತ ಒಪ್ಪಿಬಿಟ್ಟರೆ ಆಟ ಸಪ್ಪೆಯಾಗುತ್ತದೆ ಎಂಬುದು ಅದರ ಸಾರ. ಮೂರೇ ವರ್ಷ. 1978ರಲ್ಲಿ ಅವರೇ ‘ಡ್ರ್ಯಾಗನ್’ನಲ್ಲಿ ಇಂಥ ಖಾಸಗಿ ಪತ್ರಿಕೆಗಳನ್ನು ಕಾಲಕಸಕ್ಕಿಂತ ಕಡೆಯಾಗಿ ಕಂಡು ಬರೆದರು. ಆ ಹೊತ್ತಿಗೆ ಆಟ ದೊಡ್ಡ ವ್ಯಾಪಾರವಾಗಿತ್ತು, ಎಲ್ಲ ಊರಲ್ಲೂ ಒಂದೇ ನಿಯಮ ಇರಬೇಕಿತ್ತು. ಅವರನ್ನು ನಾನು ಪೂರ್ತಿ ದೂರಲಾರೆ. ಸಾವಿರಾರು ಜನ ತನ್ನ ಪುಸ್ತಕವನ್ನು ತಿದ್ದಿ ತಿದ್ದಿ ಕಳಿಸುವುದನ್ನು ತಡೆದುಕೊಳ್ಳುವುದು ಸುಲಭವಲ್ಲ. ಆದರೆ ಎರಡು ಪತ್ರದಲ್ಲಿ ಯಾವುದು ಇಷ್ಟ ಅಂದರೆ ಮೊದಲನೆಯದು.

ತಿದ್ದಲೇಬೇಕಾದದ್ದೂ ಇತ್ತು. ಅಕ್ಕ, ಭಾವ ಈಗ ಬೆಂಗಳೂರಿಗೇ ಬಂದಿದ್ದಾರೆ. ಅವರ ಮಗಳಿಗೆ ಹದಿನಾರು. ಎರಡು ವರ್ಷದಿಂದ ನಮ್ಮ ಮೇಜಿನಲ್ಲಿ ಅವಳದ್ದೇ ದೊಡ್ಡ ಗಲಾಟೆ. ಅಪ್ಪ ತಂದ ಸಿ.ಡಿ.ಗಳನ್ನು ಅವಳೂ ಜಾಲಾಡಿದಳು. 1976ರ ಮೂರನೇ ಸಂಚಿಕೆಯಲ್ಲಿ ಹೆಂಗಸರ ಪಾತ್ರಗಳಿಗೆಂದೇ ಬರೆದ ಲೇಖನವೊಂದಿದೆ. ಅದರಲ್ಲಿ ಹೆಂಗಸಿಗೆ ಸೌಂದರ್ಯದ ಅಂಕ, ಮರುಳು ಮಾಡುವ ಮಂತ್ರ. 1978ರ ಆಟಗಾರರ ಕೈಪಿಡಿಯಲ್ಲಿ ಹೆಂಗಸರ ಬಲಕ್ಕೆ ಗಂಡಸರಿಗಿಂತ ಕಡಿಮೆ ಗರಿಷ್ಠ ಮಿತಿ. “ಮಾಮ, ಡ್ರ್ಯಾಗನ್ ಬೆಂಕಿ ಉಗುಳಬಹುದಂತೆ, ಹುಡುಗಿ ಮಾತ್ರ ಭಾರ ಎತ್ತಬಾರದಂತೆ” ಅಂದಳು. 1980ರ ಜುಲೈನ 39ನೇ ಸಂಚಿಕೆ ತೆಗೆದು ಕೊಟ್ಟೆ. ಅದರಲ್ಲಿ ಜೀನ್ ವೆಲ್ಸ್ ಮತ್ತು ಕಿಮ್ ಮೋಹನ್ ಹೆಣ್ಣು ಓದುಗರು ಬರೆದ ಪತ್ರಗಳನ್ನೇ ಆಧಾರ ಮಾಡಿಕೊಂಡು, ಮೇಜಿನ ಸುತ್ತ ಅವರು ಎದುರಿಸುವುದನ್ನೆಲ್ಲ ಬರೆದಿದ್ದಾರೆ. ಓದಿದಳು. ಬಲದ ಆ ಮಿತಿ ಹೋದದ್ದು 1989ರ ಎರಡನೇ ಆವೃತ್ತಿಯಲ್ಲಿ ಅಂದಾಗ ಬೆರಳು ಮಡಚಿ ಎಣಿಸಿ “ಒಂಬತ್ತು ವರ್ಷ! ನಿಮ್ಮ ಪೋಸ್ಟ್ ಅಷ್ಟು ಸ್ಲೋನಾ?” ಅಂದಳು. ನಿಧಾನದ ಬಗ್ಗೆ ಮೇಲೆ ನಾನು ಆಡಿದ ಮಾತಿಗೆಲ್ಲ ಅವಳದ್ದು ಅದೊಂದೇ ಉತ್ತರ, ಅದಕ್ಕೆ ನನ್ನಲ್ಲಿ ಮರುಮಾತಿಲ್ಲ.

ಇಂಗ್ಲೆಂಡಿನಲ್ಲಿ ‘ವೈಟ್ ಡ್ವಾರ್ಫ್’ 1977ರಲ್ಲಿ ಇಯನ್ ಲಿವಿಂಗ್‌ಸ್ಟನ್ ಸಂಪಾದಕತ್ವದಲ್ಲಿ ಬಂತು. ಅಲ್ಲಿ ಓದುಗರು ಬೈದು ಸುಮ್ಮನಾಗದೆ ಸ್ವಂತ ದೆವ್ವಗಳನ್ನೇ ಮಾಡಿ ಕಳಿಸುತ್ತಿದ್ದರು. ‘ಫೀಂಡ್ ಫ್ಯಾಕ್ಟರಿ’ ಅಂಕಣದಲ್ಲಿ ಡಾನ್ ಟರ್ನ್‌ಬುಲ್ ಅವನ್ನು ಆರಿಸಿ ಹಾಕುತ್ತಿದ್ದರು. 1979ರಲ್ಲಿ, ಇನ್ನೂ ಶಾಲೆಯಲ್ಲಿದ್ದ ಚಾರ್ಲ್ಸ್ ಸ್ಟ್ರಾಸ್ ಕಳಿಸಿದ ಗಿತ್‌ಯಾಂಕಿ ಎಂಬ ಜನ ಅಲ್ಲಿ ಅಚ್ಚಾದರು. 1981ರಲ್ಲಿ ಅಂಥವನ್ನೆಲ್ಲ ಸೇರಿಸಿ ‘ಫೀಂಡ್ ಫೋಲಿಯೋ’ ಪುಸ್ತಕ ಬಂದಾಗ ಮುಖಪುಟದಲ್ಲಿ ನಿಂತದ್ದೂ ಗಿತ್‌ಯಾಂಕಿಯೇ. ಆ ಹುಡುಗ ಮುಂದೆ ಹೆಸರಾಂತ ವೈಜ್ಞಾನಿಕ ಕಾದಂಬರಿಕಾರನಾದ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಕಂಪ್ಯೂಟರ್ ಆಟದಲ್ಲಿ ಲೇಜೆಲ್ ಎಂಬ ಸಿಡುಕಿಯನ್ನು ಕಂಡವರು ನಿಮ್ಮಲ್ಲೂ ಇದ್ದೀರಿ. ಅವಳ ಕುಲದ ಹುಟ್ಟು ಒಬ್ಬ ಶಾಲಾ ಹುಡುಗನ ಲಕೋಟೆಯಲ್ಲಿ.

ಎಲ್ಲ ಪತ್ರಕ್ಕೂ ಉತ್ತರ ಸಿಗಲಿಲ್ಲ. ‘ಡ್ರ್ಯಾಗನ್’ನ ಕೊನೆಯ ಪುಟಗಳಲ್ಲಿ ‘ವರ್ಮಿ’ ಎಂಬ ಚಿತ್ರಕತೆ ಬರುತ್ತಿತ್ತು. ಚುಟ್ಟಾ ಸೇದುತ್ತ ಬಿಲಿಯರ್ಡ್ಸ್ ಆಡುವ ಒಂದು ಡ್ರ್ಯಾಗನ್, ಸುತ್ತ ಅದಕ್ಕೆ ತಕ್ಕ ಪುಂಡರು. ಬರೆಯುತ್ತಿದ್ದವರು ಡೇವ್ ಟ್ರಾಂಪಿಯರ್. 1988ರ ಏಪ್ರಿಲ್‌ನ 132ನೇ ಸಂಚಿಕೆಯ ನಂತರ ಅದು ನಿಂತಿತು, ಕತೆ ನಡುವೆಯೇ. ಕೆಲ ತಿಂಗಳ ಬಳಿಕ, ವರ್ಮಿ ಎಲ್ಲಿ ಅಂತ ಕೇಳಿದವರಿಗೆ ಪತ್ರಗಳ ಪುಟದಲ್ಲೇ ಚುಟುಕಾಗಿ ಉತ್ತರ: ಇನ್ನು ಬರುವುದಿಲ್ಲ. ಕಾರಣ ಇಲ್ಲ. ಓದುಗರು ಏನೇನೋ ಊಹಿಸಿದರು, ಸತ್ತೇ ಹೋದರು ಅಂದವರೂ ಇದ್ದರು. 2002ರಲ್ಲಿ ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್‌ನ ವಿದ್ಯಾರ್ಥಿ ಪತ್ರಿಕೆಯೊಂದು ಊರಿನ ಟ್ಯಾಕ್ಸಿ ಚಾಲಕನ ಬಗ್ಗೆ ಬರೆದು ಫೋಟೋ ಹಾಕಿತು. ಅದು ಟ್ರಾಂಪಿಯರ್. ಚಿತ್ರಕ್ಕೆ ಮರಳುವ ಮನಸ್ಸು ಅವರಿಗೆ ಇರಲಿಲ್ಲ. 2014ರಲ್ಲಿ ತೀರಿಕೊಂಡರು. ಆ 132ನೇ ಸಂಚಿಕೆಯ ಕೊನೆಯ ಪುಟಗಳನ್ನು ನಾನು ಎಷ್ಟು ಸಲ ತೆರೆದಿದ್ದೇನೋ. ಬಣ್ಣ ಕೂಡ ಎಲ್ಲೂ ದಣಿದಂತೆ ಕಾಣುವುದಿಲ್ಲ.

ಪತ್ರಿಕೆಯೂ ಕೊನೆಗೆ ಉಳಿಯಲಿಲ್ಲ. 2007ರ ಸೆಪ್ಟೆಂಬರ್‌ನಲ್ಲಿ 359ನೇ ಸಂಚಿಕೆಗೆ ಕಾಗದದ ‘ಡ್ರ್ಯಾಗನ್’ ನಿಂತಿತು. ಅದೇ ವರ್ಷ ಅದರ ಹಳೆಯ ಸಂಪಾದಕರಲ್ಲೊಬ್ಬರಾದ ವುಲ್ಫ್‌ಗ್ಯಾಂಗ್ ಬೌರ್ ‘ಕೋಬೋಲ್ಡ್ ಕ್ವಾರ್ಟರ್ಲಿ’ ಶುರುಮಾಡಿದರು, ಅದು 2012ರವರೆಗೆ ನಡೆಯಿತು.

ಟ್ರಾಂಪಿಯರ್ ಬರೆದ ಇನ್ನೊಂದು ಚಿತ್ರದಿಂದಲೇ ನನ್ನ ಸ್ವಂತ ಪತ್ರ ಶುರುವಾಗಬೇಕಿತ್ತು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಒಬ್ಬ ರಾಕ್ಷಸ ಕೂತಿದ್ದಾನೆ. ಹುಲಿಯ ತಲೆ, ಮೈಮೇಲೆ ಸಾಹೇಬರ ಮನೆಯಂಗಿ, ಕೈಯಲ್ಲಿ ಪೈಪು. ಇವರು ಮೊದಲು ಕಂಡದ್ದು ಭಾರತದಲ್ಲಿ, ಈಗ ಹರಡುತ್ತಿದ್ದಾರೆ ಎಂಬರ್ಥದ ಒಕ್ಕಣೆ ಬೇರೆ, ಸೊಳ್ಳೆ ಕಾಯಿಲೆಯ ಪ್ರಕಟಣೆಯ ಹಾಗೆ. ನಂಬಿದವರ ರೂಪದಲ್ಲಿ ಬಂದು ಮೋಸ ಮಾಡುತ್ತಾನೆ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಗುಲಿದರೆ ಆ ಕ್ಷಣವೇ ಸಾಯುತ್ತಾನೆ. ಪುಸ್ತಕಕ್ಕಿಂತ ಮೊದಲು 1975ರ ಡಿಸೆಂಬರ್‌ನ ‘ಸ್ಟ್ರಾಟೆಜಿಕ್ ರಿವ್ಯೂ’ನಲ್ಲೇ ಇವನು ಬಂದಿದ್ದ. ಹಾಗಾಗಿ ಒಂದು ಹೊಸ ಸಂಚಿಕೆಗೆ ಪ್ರತಿಕ್ರಿಯೆ ಬರೆಯುವ ಹಕ್ಕು ನಮ್ಮವರಿಗೂ ಇತ್ತು. ಮೇಳದಲ್ಲಿ ಬಣ್ಣದ ವೇಷ ಕಂಡವನಿಗೆ ಈ ಪೈಪು ಸೇದುವ ಹುಲಿ ಎಲ್ಲಿಯ ರಾಕ್ಷಸ? ಅಕ್ಕಿಹಿಟ್ಟು ಸುಣ್ಣ ಕಲಸಿ ಚುಕ್ಕಿ ಚುಕ್ಕಿಯಾಗಿ ಮುಖಕ್ಕೆ ಇಟ್ಟು, ಗಂಟೆಗಟ್ಟಲೆ ಚೌಕಿಯಲ್ಲಿ ಕೂತು ಕಟ್ಟಿದ ಮುಖ ತೆರೆಯ ಹಿಂದಿನಿಂದ ಆರ್ಭಟಿಸಿದರೆ ಮುಂದೆ ಕೂತ ಮಕ್ಕಳು ಅಜ್ಜಿಯ ಸೆರಗಿಗೆ ನುಗ್ಗುತ್ತಿದ್ದರು. ನಾನೂ ನುಗ್ಗಿದ್ದೇನೆ.

ಆಮೇಲೆ ಗೊತ್ತಾಯಿತು, ಇದರ ಮೂಲ ಪುರಾಣವಲ್ಲ, 1974ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬಂದ ‘ಕೋಲ್‌ಚಾಕ್’ ಧಾರಾವಾಹಿಯ ಒಂದು ಕಂತು. ಅದರಲ್ಲಿ ಮುದುಕನೊಬ್ಬ ಮಂತ್ರಿಸಿದ ಬಾಣ ಹಿಡಿದು ರಾಕ್ಷಸನಿಗಾಗಿ ಕಾಯುತ್ತಾನೆ. ಆ ಬಾಣ ಇಂದಿಗೂ ಸವೆದಿಲ್ಲ. 2014ರ ಐದನೇ ಆವೃತ್ತಿಯಲ್ಲೂ, ಸಜ್ಜನರು ಹಿಡಿದ ಮಾಂತ್ರಿಕ ಆಯುಧದ ಚುಚ್ಚುವ ಪೆಟ್ಟಿಗೆ ರಾಕ್ಷಸ ಮೆತ್ತಗೆ. ಮೊದಮೊದಲು ಸಿಟ್ಟು ಬಂದಿತ್ತು, ಈಗ ಅಷ್ಟಿಲ್ಲ. ನಮ್ಮ ಮೇಳದವರೂ ಪುರಾಣಕ್ಕೆ ತಮಗೆ ಬೇಕಾದ್ದು ಸೇರಿಸಿಕೊಂಡವರೇ.

ಹೋದ ತಿಂಗಳು ಧೈರ್ಯ ಮಾಡಿ ನನ್ನ ರಾಕ್ಷಸನನ್ನು ಇಳಿಸಿದೆ. ಪೈಪು ಇಲ್ಲ, ಹುಲಿತಲೆ ಇಲ್ಲ. ದೀಪ ಆರಿಸಿ, ಮೇಜಿನ ಮೇಲೆ ಚೆಂಡೆಯ ಹಾಗೆ ಬೆರಳು ಬಡಿದು, ಒಳಗಿನಿಂದ ಒಂದು ಆರ್ಭಟ ಕೊಟ್ಟೆ. ಕೆಳಮನೆಯವರು ಫೋನ್ ಮಾಡಿ “ಏನಾಯ್ತು ಸಾರ್?” ಅಂತ ಕೇಳಿದರು. ಮೇಷ್ಟ್ರ ಕಳ್ಳ ಓಡಿದ. ಅಕ್ಕನ ಮಗಳು ಕದಲಲಿಲ್ಲ.

“ಮಂತ್ರಿಸಿದ ಬಾಣ ಇದೆ ಮಾಮ. ಹೊಡೀತೀನಿ, ಸಾಯ್ತಾನೆ.”

“ನಮ್ಮಲ್ಲಿ ಸಾಯಲ್ಲ.”

“ಪುಸ್ತಕದಲ್ಲಿದೆ. ಯಾವ ಪುಟದಲ್ಲಿದೆ ಸಾಯಲ್ಲ ಅಂತ, ತೋರಿಸಿ.”

“ತಕರಾರಿದ್ದರೆ ಬರೆದು ಕಳಿಸು. ಉತ್ತರ ಮುಂದಿನ ಸಂಚಿಕೆಯಲ್ಲಿ.”

ತಮಾಷೆಗೆ ಅಂದದ್ದು. ಮುಂದಿನ ಸಲ ಬಂದವಳು ಚಪ್ಪಲಿ ಬಿಡುವ ಮೊದಲೇ ಲಾಂಗ್‌ಬುಕ್ಕಿನಿಂದ ಹರಿದ ಎರಡು ಹಾಳೆ ಕೈಗಿಟ್ಟಳು. ‘ಸಂಪಾದಕರೇ’ ಅಂತ ಶುರು. ಮೂರು ಪ್ರಶ್ನೆ. ಮೊದಲೆರಡು ದಾಳದ ಲೆಕ್ಕ, ಅಲ್ಲೇ ಬಗೆಹರಿಸಿದೆ. ಮೂರನೆಯದು ಹೀಗಿತ್ತು: ನಿಮ್ಮ ರಾಕ್ಷಸ ರಾವಣನ ಹಾಗೆ ಶಿವಭಕ್ತನಾಗಿದ್ದರೆ, ನನ್ನ ಬಾಣವನ್ನು ಶಿವನ ಹೆಸರಿನಲ್ಲೇ ಮಂತ್ರಿಸಿದ್ದರೆ, ಶಿವ ಯಾರ ಮಾತು ಕೇಳುತ್ತಾನೆ?

ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿ, “ಇದು ನನ್ನ ಸಬ್ಜೆಕ್ಟ್ ಅಲ್ಲಪ್ಪ” ಅಂತ ವಾಪಸು ಕೊಟ್ಟರು. ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಮೂರು ವಾರವಾಯಿತು, ಅವಳು ಆಗಲೇ ಒಂದು ನೆನಪೋಲೆಯನ್ನೂ ಕಳಿಸಿದ್ದಾಳೆ.